ಮಾಮನ ಮೇಲೆ ಓದುಗರಿಗೆ ಪ್ರೀತಿ ಹುಟ್ಟುವುದು ಹೇಗೆ?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯವಳು, ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಒಬ್ಬ ಮಾಮ ಇದ್ದಾನೆ. 46 ವಯಸ್ಸು, ಮದುವೆ ಆಗಿಲ್ಲ. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾನೆ. ಇರುವುದು ಅಕ್ಕನ ಮನೆಯಲ್ಲಿ. ಸುಳ್ಳು ಹೇಳುತ್ತಾನೆ, ಮುನಿಸಿಕೊಂಡು ಊಟ ಬಿಡುತ್ತಾನೆ. ಅಕ್ಕನ ಮಗಳ ಕಾಲೇಜು ಫೀಸಿಗೆಂದು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದ 6,000 ರೂಪಾಯಿ ತೆಗೆದು ಒಂದು ಹಳೇ ಚೆಂಡೆ ಕೊಂಡು ತರುತ್ತಾನೆ. ಬಾರಿಸಲು ಬರುವುದೂ ಇಲ್ಲ. ನನಗೆ ಅವನ ಮೇಲೆ ತುಂಬಾ ಪ್ರೀತಿ. ಆದರೆ ಓದಿದ ನಾಲ್ಕೂ ಜನ ‘ಇವನನ್ನು ಕಂಡರೆ ಸಿಟ್ಟು ಬರುತ್ತೆ’ ಅಂದರು. ಅವನ ಬಾಲ್ಯದ ಕಷ್ಟಗಳ ಮೇಲೆ ಒಂದು ಅಧ್ಯಾಯ ಸೇರಿಸಿದೆ. ಆದರೂ ಅದೇ ಮಾತು. ಅವನ ತಪ್ಪುಗಳನ್ನು ಕಡಿಮೆ ಮಾಡಬೇಕಾ? ಕೊನೆಯಲ್ಲಿ ಅವನು ಸತ್ತರೆ ಕನಿಕರ ಬರುತ್ತಾ? ಮೊದಲ 40 ಪುಟ ಕಳಿಸುತ್ತಿದ್ದೇನೆ.

ಉತ್ತರ: ನಿಮ್ಮ 40 ಪುಟಗಳನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಮಾಮ ನನಗೆ ಹಿಡಿಸಿದ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಅವನ ಒಂದು ತಪ್ಪನ್ನೂ ತೆಗೆಯಬೇಡಿ. ಅವನನ್ನು ಸಾಯಿಸಲೂ ಬೇಡಿ.

ನಿಮ್ಮ ಓದುಗರಿಗೆ ಸಿಟ್ಟು ಬಂದದ್ದು ಮಾಮ ಹಣ ತೆಗೆದದ್ದಕ್ಕಿಂತ ಜಾಸ್ತಿ, ಅವರು ಅಲ್ಲಿಗೆ ತಡವಾಗಿ ಬಂದದ್ದಕ್ಕೆ. ನಿಮ್ಮ ಮೂರನೇ ಅಧ್ಯಾಯ ಶುರುವಾಗುವುದು ಎಲ್ಲಿಂದ ನೋಡಿ. ಬೆಳಿಗ್ಗೆ ಅಕ್ಕ ಅಕ್ಕಿ ಡಬ್ಬಿಯೊಳಗೆ ಕೈ ಹಾಕುತ್ತಾಳೆ. ಕವರು ಸಿಗುವುದಿಲ್ಲ. ಅಕ್ಕಿಯನ್ನೆಲ್ಲ ಪೇಪರಿನ ಮೇಲೆ ಸುರಿದು ಹುಡುಕುತ್ತಾಳೆ. ತುಂಬಾ ಚೆನ್ನಾಗಿ ಬರೆದಿದ್ದೀರಿ, ಅಕ್ಕಿಕಾಳು ಅವಳ ಬಳೆಗೆ ಅಂಟಿಕೊಂಡದ್ದು ಕೂಡ ಕಾಣುತ್ತದೆ. ಆದರೆ ಓದುಗರು ಆ ಮನೆಯೊಳಗೆ ಬಂದದ್ದೇ ಅಕ್ಕನ ಜೊತೆ. ಅವಳ ಎದೆ ಧಸಕ್ ಅಂದಾಗ ಇವರ ಎದೆಯೂ ಧಸಕ್ ಅಂದಿತು. ಆಮೇಲೆ ತಿರುಗಿ ನೋಡಿದರೆ ಕಿಟಕಿ ಹತ್ತಿರ ಮಾಮ, ಮಂಚದ ಕೆಳಗೆ ಗೋಣಿಚೀಲದಲ್ಲಿ ಚೆಂಡೆ. ಸಿಟ್ಟು ಬರದೆ ಇನ್ನೇನು ಬಂದೀತು? ತಪ್ಪು ಆದ ಮೇಲೆ ಬಂದವರು ಯಾವಾಗಲೂ ಕಳೆದುಕೊಂಡವರ ಪಕ್ಕದಲ್ಲೇ ನಿಲ್ಲುತ್ತಾರೆ. ತಪ್ಪಿಗಿಂತ ಸ್ವಲ್ಪ ಮೊದಲೇ ಬಂದವರು ಮಾತ್ರ ತಪ್ಪು ಮಾಡಿದವನ ಆಸೆಯನ್ನೂ ನೋಡಿರುತ್ತಾರೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ ಹಿಂದಿಯ ಪ್ರೇಮಚಂದರ ‘ಬೂಢೀ ಕಾಕೀ’, ಅಂದರೆ ಮುದಿ ಚಿಕ್ಕಮ್ಮ. ಹತ್ತೇ ನಿಮಿಷದಲ್ಲಿ ಓದಿ ಮುಗಿಸುವ ಕಥೆ. ಮುಪ್ಪು ಅನ್ನುವುದು ಬಹಳ ಸಲ ಬಾಲ್ಯ ಮತ್ತೆ ಬರುವುದೇ ಅನ್ನುವ ಮಾತಿನಿಂದ ಅದು ಶುರುವಾಗುತ್ತದೆ. ಮುದುಕಿಗೆ ನಾಲಿಗೆಯ ಚಪಲವೊಂದನ್ನು ಬಿಟ್ಟು ಬೇರೇನೂ ಉಳಿದಿಲ್ಲ. ಇದ್ದ ಆಸ್ತಿಯನ್ನೆಲ್ಲ ಗಂಡನ ಸೋದರನ ಮಗ ಬುದ್ಧಿರಾಮನ ಹೆಸರಿಗೆ ಬರೆದುಕೊಟ್ಟಾಗಿದೆ. ಈಗ ಹೊತ್ತಿಗೆ ಸರಿಯಾಗಿ ಊಟವಿಲ್ಲ. ಊಟ ಕೊಡದಿದ್ದರೆ ಮಗುವಿನ ಹಾಗೆ ಗಟ್ಟಿಯಾಗಿ ಅಳುತ್ತಾಳೆ. ಮನೆಯಲ್ಲಿ ಬುದ್ಧಿರಾಮನ ಹಿರಿಮಗನ ತಿಲಕದ, ಅಂದರೆ ಮದುವೆ ನಿಶ್ಚಯದ ಶಾಸ್ತ್ರದ, ದಿನ ಪೂರಿ ಕರಿಯುತ್ತಿದ್ದಾರೆ. ತೆವಳಿಕೊಂಡು ಹೋಗಿ ಬಾಣಲೆಯ ಪಕ್ಕ ಕೂತುಬಿಡುತ್ತಾಳೆ. ಬುದ್ಧಿರಾಮನ ಹೆಂಡತಿ ರೂಪಾ ಎಲ್ಲರೆದುರಿಗೆ ಬಾಯಿಗೆ ಬಂದಂತೆ ಬೈಯುತ್ತಾಳೆ.

ಇದನ್ನೇ ರೂಪಾಳ ಕಡೆಯಿಂದ ಹೇಳಿ ನೋಡಿ. ಮನೆ ತುಂಬಾ ನೆಂಟರು, ಹತ್ತು ಕೆಲಸ, ಬೆಂಕಿಯ ಮುಂದೆ ನಿಂತು ಮುಖ ಕಾದಿದೆ. ಅಷ್ಟರಲ್ಲಿ ದೇವರ ನೈವೇದ್ಯಕ್ಕೂ ಮುಂಚೆ, ಯಾರೂ ಉಣ್ಣುವ ಮುಂಚೆ, ಮುದುಕಿ ಬಂದು ಬಾಣಲೆ ಪಕ್ಕ ಕೂತಿದ್ದಾಳೆ. ನಮಗೂ ಸಿಟ್ಟೇ ಬರುತ್ತಿತ್ತು. ಆದರೆ ಪ್ರೇಮಚಂದ್ ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋಗುವ ಮೊದಲು ಮುದುಕಿಯ ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ. ತುಪ್ಪದ ವಾಸನೆ ಮೊದಲು ನಮ್ಮ ಮೂಗಿಗೆ ಬರುತ್ತದೆ. ಕೆಂಪಗೆ, ಉಬ್ಬಿದ, ಮೆತ್ತನೆಯ ಪೂರಿ ಅವಳ ಕಣ್ಣ ಮುಂದೆ ಕುಣಿಯುವಾಗ ನಾವೂ ಅಲ್ಲೇ ಇದ್ದೇವೆ. ಅವಳು ಎದ್ದು ತೆವಳುವ ಹೊತ್ತಿಗೆ ನಾವು ಅವಳ ಕಡೆಯವರಾಗಿ ಆಗಿದೆ. ಆಮೇಲೆ ಅವಳು ಏನು ಮಾಡಿದರೂ ನಾವು ಅವಳನ್ನು ಬಿಟ್ಟು ಓಡುವುದಿಲ್ಲ.

ಅದರ ನಂತರ ಬರುವ ಒಂದು ಜಾಗ ನನಗೆ ಇನ್ನೂ ಇಷ್ಟ. ಬೈಸಿಕೊಂಡು ಕೋಣೆಗೆ ಬಂದ ಕಾಕಿ ತೀರ್ಮಾನ ಮಾಡುತ್ತಾಳೆ: ಕರೆಯದೆ ಹೋಗುವುದಿಲ್ಲ. ಹೊತ್ತು ಕಳೆಯಲು ಒಂದು ಹಾಡು ಗುನುಗುತ್ತಾಳೆ. ಸ್ವಲ್ಪ ಹೊತ್ತಿಗೇ ಅವಳಿಗೆ ಅನಿಸುತ್ತದೆ, ತುಂಬಾ ಹೊತ್ತಾಯಿತು, ಎಲ್ಲರೂ ಉಂಡು ಹೋಗಿರಬೇಕು, ನನ್ನನ್ನು ಕರೆಯಲು ಮರೆತಿದ್ದಾರೆ. ಮತ್ತೆ ತೆವಳಿಕೊಂಡು ಹೊರಗೆ ಬಂದರೆ ಪಂಕ್ತಿ ಇನ್ನೂ ಕೂತೇ ಇದೆ! ಉಣ್ಣುತ್ತಿದ್ದವರ ನಡುವೆಯೇ ಬಂದುಬಿಟ್ಟಿದ್ದಾಳೆ. ಬುದ್ಧಿರಾಮ ಅವಳ ಎರಡೂ ಕೈ ಹಿಡಿದು ಎಳೆದುಕೊಂಡು ಹೋಗಿ ಕೋಣೆಯಲ್ಲಿ ಕೆಡವುತ್ತಾನೆ. ಇಲ್ಲಿ ಅವಳು ಹಟ ಮಾಡಿದ್ದಲ್ಲ. ಸಮಯದ ಲೆಕ್ಕ ತಪ್ಪಿದ್ದು. ಮಕ್ಕಳಿಗೆ ಆಗುವುದು ಹೀಗೇ ಅಲ್ವಾ? ‘ಐದು ನಿಮಿಷ ತಡಿ’ ಅಂದರೆ ಐದು ಎಣಿಸಿ ಓಡಿ ಬರುತ್ತವೆ.

ಮುಂಬಯಿ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು 11 ವರ್ಷ ಕಲಿಸಿದೆ. ಮಕ್ಕಳೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರು. ಟೇಬಲ್ ಒರೆಸುವವರು, ಬಸಿ ತೊಳೆಯುವವರು. ಸಂಜೆ ಕೆಲಸ ಮುಗಿಸಿ ಓಡಿ ಬರುತ್ತಿದ್ದರು. ಕೈಗೆ ಸೋಪಿನ ವಾಸನೆ ಹಾಗೇ ಇರುತ್ತಿತ್ತು. ಒಂದು ದಿನ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಮುದುಕಿ ಬಾಣಲೆ ಪಕ್ಕ ಬಂದು ಕೂತಾಗ ಎಲ್ಲರೂ ನಕ್ಕರು. ಪಂಕ್ತಿಯ ನಡುವೆ ಬಂದಾಗ ಇನ್ನೂ ಜಾಸ್ತಿ ನಕ್ಕರು. ಕೊನೆಯಲ್ಲಿ, ನಡುರಾತ್ರಿ, ಬುದ್ಧಿರಾಮನ ಪುಟ್ಟ ಮಗಳು ಲಾಡಲಿ ತನ್ನ ಪಾಲಿನ ಪೂರಿಯನ್ನು ಗೊಂಬೆ ಪೆಟ್ಟಿಗೆಯಲ್ಲಿ ಅಡಗಿಸಿ ತಂದು ಕೊಡುತ್ತಾಳೆ. ಅದನ್ನು ತಿಂದು ಕಾಕಿಯ ಹಸಿವು ಇನ್ನೂ ಕೆರಳುತ್ತದೆ. ನನ್ನನ್ನು ನೆಂಟರು ಉಂಡ ಜಾಗಕ್ಕೆ ಕರೆದುಕೊಂಡು ಹೋಗು ಅನ್ನುತ್ತಾಳೆ. ಅಲ್ಲಿ ಎಂಜಲೆಲೆಗಳಿಂದ ಚೂರು ಚೂರು ಆರಿಸಿ ತಿನ್ನುತ್ತಾಳೆ. ಆಗ ತರಗತಿಯಲ್ಲಿ ಒಬ್ಬನೂ ನಗಲಿಲ್ಲ. ದಿನಾ ಎಂಜಲು ಎತ್ತುವ ಹುಡುಗರು ಅವರು. ಹಿಂದಿನ ಬೆಂಚಿನ ಒಬ್ಬ ಹುಡುಗ, ‘ಸಾರ್, ಆ ರೂಪಾ ನೋಡಿದಳಾ?’ ಅಂತ ಕೇಳಿದ. ನೋಡಿದಳು ಅಂದೆ. ಕಥೆಯಲ್ಲಿ ರೂಪಾಳಿಗೆ ಎಚ್ಚರವಾಗಿ, ಅದನ್ನು ನೋಡಿ, ಎದೆ ನಡುಗಿ, ತಟ್ಟೆ ತುಂಬಾ ಬಡಿಸಿಕೊಂಡು ಬರುತ್ತಾಳೆ. ಅಷ್ಟು ಕೇಳಿಸಿಕೊಂಡ ಮೇಲೆ ಆ ಹುಡುಗ ಚೀಲ ಎತ್ತಿಕೊಂಡ.

ಈಗ ನಿಮ್ಮ ಪುಟಗಳಿಗೆ ಬರುತ್ತೇನೆ. 31ನೇ ಪುಟದಲ್ಲಿ ನೀವು ಒಂದು ವಾಕ್ಯ ಬರೆದು ದಾಟಿಬಿಟ್ಟಿದ್ದೀರಿ. ಅಷ್ಟು ಗಲಾಟೆಯ ನಡುವೆ ಮಾಮ ಶರ್ಟಿನೊಳಗಿಂದ ಒಂದು ಹೊಸ ಕಂಪಾಸ್ ಪೆಟ್ಟಿಗೆ ತೆಗೆದು ಹುಡುಗಿಯ ಮುಂದೆ ಇಡುತ್ತಾನೆ. ಅಕ್ಕ ಅದನ್ನು ಎಸೆಯುತ್ತಾಳೆ. ಮುಗಿಯಿತು, ಮುಂದಿನ ಪ್ಯಾರಾ. ನಾನು ಅಲ್ಲೇ ನಿಂತುಬಿಟ್ಟೆ. ಹುಡುಗಿ ಹನ್ನೊಂದನೇ ಕ್ಲಾಸಿಗೆ ಸೇರುವವಳು, ಕಾಮರ್ಸು. ಅವಳಿಗೆ ಕಂಪಾಸ್ ಪೆಟ್ಟಿಗೆ ಏಕೆ? ಅಂದರೆ ಮಾಮನ ತಲೆಯಲ್ಲಿ ಅವಳು ಇನ್ನೂ ಐದನೇ ಕ್ಲಾಸಿನಲ್ಲೇ ಇದ್ದಾಳೆ. ಅವಳದ್ದೇ ಹಣದಲ್ಲಿ ಅವಳಿಗೊಂದು ಉಡುಗೊರೆ ತಂದು, ಲೆಕ್ಕ ಸರಿಹೋಯಿತು ಅಂತ ನಂಬಿದ್ದಾನೆ. ನಿಮ್ಮ ಇಡೀ ಮಾಮ ಆ ಪೆಟ್ಟಿಗೆಯೊಳಗೆ ಇದ್ದಾನೆ. ಬಾಲ್ಯದ ಕಷ್ಟದ 14 ಪುಟಗಳಿಗಿಂತ ಆ ಒಂದು ವಾಕ್ಯ ದೊಡ್ಡದು.

ಮಗುವಿನಂಥ ಪಾತ್ರ ಅಂದರೆ ಮುದ್ದು ಮಾತಾಡುವ ಪಾತ್ರ ಅಲ್ಲ. ಅವನ ಲೆಕ್ಕ ಬೇರೆ ಇರುತ್ತದೆ. ನಮಗೆ ಅದು ತಪ್ಪು ಲೆಕ್ಕ, ಅವನಿಗೆ ಪೂರ್ತಿ ಸರಿ. ಆ ಲೆಕ್ಕವನ್ನು ನೀವು ಸಾಲು ಸಾಲಾಗಿ ಬಿಡಿಸಿ ತೋರಿಸಿದರೆ ಓದುಗರು ತಲೆ ಅಲ್ಲಾಡಿಸುತ್ತಲೇ ಅವನ ಜೊತೆ ನಡೆಯುತ್ತಾರೆ. ಬರೀ ಉತ್ತರ ತೋರಿಸಿದರೆ, ಅಂದರೆ ‘ಹಣ ಹೋಯಿತು, ಚೆಂಡೆ ಬಂತು’ ಅಂದರೆ, ಅವನು ಕಳ್ಳ ಅಷ್ಟೇ.

ಹಾಗಾದರೆ ಚೆಂಡೆ ಕೊಂಡ ದಿನವನ್ನು ಬರೆಯಿರಿ. ನಿಮ್ಮಲ್ಲಿ ಅದು ಇಲ್ಲವೇ ಇಲ್ಲ. ‘ಊರಿಗೆ ಹೊರಟಿದ್ದ ಯಕ್ಷಗಾನದ ಹಿಮ್ಮೇಳದವರೊಬ್ಬರಿಂದ ತಂದನಂತೆ’ ಅಂತ ಅಕ್ಕನ ಬಾಯಲ್ಲಿ ಒಂದು ಮಾತು ಮಾತ್ರ ಇದೆ. ನಾನು ಸುಮ್ನೆ ಒಂದು ಕರಡು ಮಾಡಿದೆ. ಇದನ್ನೇ ಹಾಕಿ ಅಂತಲ್ಲ. ಎಲ್ಲಿ ನಿಂತು ನೋಡಬೇಕು ಅಂತ ತೋರಿಸಲಿಕ್ಕೆ.

‘ಭಾಂಡುಪಿನ ಆ ಖೋಲಿಯಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ಮುದುಕರು ಮಧ್ಯಾಹ್ನದ ಮತ್ಸ್ಯಗಂಧ ರೈಲಿಗೆ ಹೊರಡುವವರು. ಚೆಂಡೆ ಮೂಲೆಯಲ್ಲಿ ಹಳೇ ಪಂಚೆ ಸುತ್ತಿಕೊಂಡು ನಿಂತಿತ್ತು. “ಬಾರಿಸಿ ನೋಡು ಮಾರಾಯ” ಅಂದರು. ಮಾಮ ಕೋಲು ತೆಗೆದುಕೊಂಡು ಒಂದು ಪೆಟ್ಟು ಹಾಕಿದ. ಪಕ್ಕದ ಖೋಲಿಯ ಕೂಸು ಎದ್ದು ಅತ್ತಿತು. ಮಾಮ ಕೋಲನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಬಾಗಿಲ ಕಡೆ ನೋಡಿದ. ಯಾರೂ ಬಯ್ಯಲು ಬರಲಿಲ್ಲ. ಮತ್ತೊಂದು ಪೆಟ್ಟು ಹಾಕಿದ, ಮೆಲ್ಲಗೆ. ಜೇಬಿನಲ್ಲಿ ಕವರು ಇತ್ತು. ಕವರಿನ ಮೇಲೆ ಅಕ್ಕನ ಅಕ್ಷರ: ಫೀಸು. ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟ. ಖಾಲಿ ಕವರನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಜೇಬಿಗೆ ಇಟ್ಟುಕೊಂಡ. ಕವರು ಅಕ್ಕನದು, ವಾಪಸು ಕೊಡಬೇಕಲ್ಲ.

ಸ್ಲೋ ಲೋಕಲಿನಲ್ಲಿ ಚೆಂಡೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತ. ಎದುರಿನವನು ಕಾಲು ಮಡಿಸಿ ಜಾಗ ಮಾಡಿಕೊಟ್ಟು, “ಬಜಾತೇ ಹೋ ಕ್ಯಾ?” ಅಂದ. ಮಾಮನನ್ನು ಗಲ್ಲಾದ ಮೇಲೆ ಇಷ್ಟು ವರ್ಷದಲ್ಲಿ ಯಾರೂ ಏನೂ ಕೇಳಿರಲಿಲ್ಲ, ಚಿಲ್ಲರೆ ಬಿಟ್ಟು. “ಹಾಂ” ಅಂದ. ಠಾಣೆ ಬರುವಷ್ಟರಲ್ಲಿ ಅವನು ಇಪ್ಪತ್ತು ವರ್ಷದಿಂದ ಚೆಂಡೆ ಬಾರಿಸುತ್ತಿದ್ದ.’

ನೋಡಿ, ಇಲ್ಲಿ ಕಳ್ಳತನವೂ ಇದೆ, ಸುಳ್ಳೂ ಇದೆ. ಎರಡನ್ನೂ ನಾನು ಕಡಿಮೆ ಮಾಡಿಲ್ಲ. ಆದರೆ ಮಾರನೇ ಬೆಳಿಗ್ಗೆ ಅಕ್ಕ ಡಬ್ಬಿಗೆ ಕೈ ಹಾಕುವಾಗ ಓದುಗರಿಗೆ ಅಕ್ಕನಿಗಿಂತ ಒಂದು ವಿಷಯ ಹೆಚ್ಚು ಗೊತ್ತಿರುತ್ತದೆ. ಅಯ್ಯೋ, ಈಗ ಸಿಕ್ಕಿಬೀಳುತ್ತಾನೆ ಅಂತ ಹೊಟ್ಟೆ ಕಲಸುತ್ತದೆ. ಆ ಕಳವಳವೇ ನಿಮಗೆ ಬೇಕಾದ ಪ್ರೀತಿ. ಅದು ಬಂದ ಮೇಲೆ ನೀವು ಅಕ್ಕನಿಂದ ಎಷ್ಟು ಬೇಕಾದರೂ ಬೈಸಿ.

ಬಾಲ್ಯದ ಅಧ್ಯಾಯದ ಬಗ್ಗೆ ಕೇಳಿದ್ದೀರಿ. ತೆಗೆದುಬಿಡಿ ಅನ್ನುತ್ತೇನೆ. ಅದು ಕೆಟ್ಟದಾಗಿ ಬರೆದ ಅಧ್ಯಾಯವಲ್ಲ. ಆದರೆ ಅಪ್ಪ ಹೊಡೆಯುತ್ತಿದ್ದ, ಹಸಿವಿತ್ತು, ಶಾಲೆ ಬಿಡಿಸಿದರು, ಅದಕ್ಕೇ ಹೀಗಾದ ಅಂತ ಹೇಳಿದಾಗ ಅದು ವಕೀಲರ ವಾದದಂತೆ ಕೇಳುತ್ತದೆ. ಓದುಗರು ಅಂಥ ಕಡೆ ತಕ್ಷಣ ನ್ಯಾಯಾಧೀಶರಾಗಿ ಕೂರುತ್ತಾರೆ. ‘ಕಷ್ಟ ಪಟ್ಟವರೆಲ್ಲ ಫೀಸಿನ ಹಣ ಕದಿಯುತ್ತಾರಾ?’ ಅನ್ನುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ.

ಕಾರಂತರ ಚೋಮನನ್ನು ನೆನೆಸಿಕೊಳ್ಳಿ. 1933ರ ಕಾದಂಬರಿ ‘ಚೋಮನ ದುಡಿ’. ಚೋಮ ಕುಡಿಯುತ್ತಾನೆ. ಸಿಟ್ಟು ಬಂದರೆ ಹಿಂದೆ ಮುಂದೆ ನೋಡುವುದಿಲ್ಲ. ಹಟ ಹಿಡಿದರೆ ಬಿಡುವವನಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಮೇಲಿನ ತೋಟಕ್ಕೆ ಹೋಗಬೇಕಾಗುತ್ತದೆ. ಒಬ್ಬ ಮಗ ಜ್ವರದಲ್ಲಿ ಸಾಯುತ್ತಾನೆ. ಕಾರಂತರು ಅವನ ಕುಡಿತಕ್ಕೆ ಬಾಲ್ಯದ ಕಾರಣ ಹುಡುಕಿ ಕೊಡುವುದಿಲ್ಲ. ಅದರ ಬದಲು ಅವನ ಆಸೆಯನ್ನು ಕೊಡುತ್ತಾರೆ: ತನ್ನದು ಅಂತ ಒಂದು ತುಂಡು ಭೂಮಿ, ಅದನ್ನು ತಾನೇ ಉಳಬೇಕು. ಜೋಡಿ ಎತ್ತು ಇಟ್ಟುಕೊಂಡಿದ್ದಾನೆ, ಗದ್ದೆ ಇಲ್ಲ. ಆಗ ದಲಿತನಿಗೆ ಗೇಣಿಗೆ ಭೂಮಿ ಕೊಡುವ ಪದ್ಧತಿ ಇರಲಿಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಒಂದಿಷ್ಟು ಕರಗಿದರೂ ಅವನ ತಾಯಿ ಅಡ್ಡ ಬರುತ್ತಾಳೆ. ಈಗ ಹೇಳಿ, ಉಳುವವನಿಗೆ ಹೊಲ ಬೇಕು ಅನಿಸಿದ್ದು ತಪ್ಪಾ? ಯಾವ ಓದುಗರೂ ತಪ್ಪು ಅನ್ನಲಾರರು. ಆಸೆ ಸರಿ ಅಂತ ಒಪ್ಪಿಕೊಂಡ ಮೇಲೆ, ಆ ಆಸೆ ಮುರಿದಾಗಲೆಲ್ಲ ಅವನು ಮಾಡುವ ತಪ್ಪು ಬೇರೆ ರೀತಿ ಕಾಣುತ್ತದೆ. ಮಾತು ಬರದಾಗ ಅವನು ದುಡಿ ತೆಗೆದುಕೊಳ್ಳುತ್ತಾನೆ. ಕೊನೆಗೆ ಎತ್ತುಗಳನ್ನು ಕಾಡಿಗೆ ಓಡಿಸಿ, ಬಾಗಿಲು ಹಾಕಿಕೊಂಡು, ಉಸಿರು ನಿಲ್ಲುವವರೆಗೆ ಬಾರಿಸುತ್ತಾನೆ.

ನಿಮ್ಮ ಮಾಮನ ಕೈಗೂ ನೀವು ಒಂದು ಚರ್ಮವಾದ್ಯವನ್ನೇ ಕೊಟ್ಟಿದ್ದೀರಿ. ಗೊತ್ತಿದ್ದು ಕೊಟ್ಟಿರೋ ಗೊತ್ತಿಲ್ಲದೆಯೋ, ಚೆನ್ನಾಗಿದೆ. ಆದರೆ ಅದು ಅವನಿಗೆ ಏಕೆ ಬೇಕು? ಇದು ನಿಮ್ಮ 40 ಪುಟಗಳಲ್ಲಿ ನನಗೆ ಸಿಗಲಿಲ್ಲ. ಯಕ್ಷಗಾನ ನೋಡುವಾಗ ಅವನು ಎಲ್ಲಿ ಕೂರುತ್ತಾನೆ? ಭಾಗವತರ ಮುಖ ಕಾಣುವ ಕಡೆಯಾ, ಚೆಂಡೆಯವರ ಕೈ ಕಾಣುವ ಕಡೆಯಾ? ಗಲ್ಲಾದ ಮೇಜಿನ ಮೇಲೆ ಬೆರಳು ಆಡಿಸುತ್ತಾನಾ? ಒಮ್ಮೆ ತಪ್ಪು ಚಿಲ್ಲರೆ ಕೊಟ್ಟದ್ದು ಅದಕ್ಕೇನಾ? ದಿನಕ್ಕೆ ಸಾವಿರ ಜನ ಅವನ ಮುಂದೆ ಹಾದು ಹೋಗುತ್ತಾರೆ. ಎಲ್ಲರ ಕಣ್ಣು ಬಿಲ್ಲಿನ ಮೇಲೆ, ಸೋಂಪಿನ ಬಟ್ಟಲ ಮೇಲೆ. ಒಂದು ಸಲ ಅವರು ತಲೆ ಎತ್ತಿ ನೋಡಲಿ ಅನ್ನುವುದೇ ಅವನ ಆಸೆ ಇರಬಹುದು. ಅದನ್ನು ಕಂಡುಹಿಡಿಯಬೇಕಾದವರು ನೀವು. ನನಗೆ ಅವನು 40 ಪುಟಗಳಷ್ಟೇ ಗೊತ್ತು, ನಿಮಗೆ ಮೂರು ವರ್ಷದಿಂದ ಗೊತ್ತು.

ಇನ್ನು, ಅವನ ತಪ್ಪಿಗೆ ಬೆಲೆ ತೆತ್ತವರನ್ನು ಮರೆಯಬೇಡಿ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪ್ರೀತಿಯ ಪಾತ್ರವನ್ನು ಉಳಿಸಲು ಲೇಖಕರು ಸಾಮಾನ್ಯವಾಗಿ ಮಾಡುವುದು ಏನೆಂದರೆ, ಅವನು ಮಾಡಿದ ಹಾನಿಯನ್ನು ಹೇಗೋ ಸರಿಮಾಡಿಬಿಡುವುದು. ನೀವೂ ಹಾಗೇ ಮಾಡಿದ್ದೀರಿ. ಮರುದಿನವೇ ಪಕ್ಕದ ಮನೆಯವರು 6,000 ರೂಪಾಯಿ ಕೈಸಾಲ ಕೊಟ್ಟು ಫೀಸು ಕಟ್ಟಿಸುತ್ತಾರೆ. ಅಲ್ಲಿಗೆ ಮಾಮನ ತಪ್ಪು ತಮಾಷೆಯಾಗಿ ಹೋಯಿತು. ಓದುಗರಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಕ್ಷಮಿಸಲು ಅವರಿಗೆ ಏನೂ ಉಳಿಯಲಿಲ್ಲ.

ಸ್ಪೇನಿನ ಸರ್ವಾಂಟಿಸ್ 1605ರಲ್ಲಿ ‘ಡಾನ್ ಕ್ವಿಕ್ಸೋಟ್’ ಮೊದಲ ಭಾಗ ಪ್ರಕಟಿಸಿದ. ಮಗುವಿನಂಥ ದೊಡ್ಡವರ ಕಥೆಗಳಿಗೆಲ್ಲ ಅದು ಅಜ್ಜ. ವೀರರ ಕಥೆಗಳನ್ನು ಓದಿ ಓದಿ ತಾನೂ ವೀರ ಅಂದುಕೊಂಡು ಹೊರಟ ಮುದುಕ. ದಾರಿಯಲ್ಲಿ ಒಬ್ಬ ರೈತ ಕುರಿ ಕಾಯುವ ಹುಡುಗನನ್ನು ಮರಕ್ಕೆ ಕಟ್ಟಿ ಬೆಲ್ಟಿನಿಂದ ಹೊಡೆಯುತ್ತಿರುತ್ತಾನೆ. ಮುದುಕ ಈಟಿ ತೋರಿಸಿ ಬಿಡಿಸುತ್ತಾನೆ, ಹುಡುಗನ ಬಾಕಿ ಸಂಬಳ ಕೊಡುತ್ತೇನೆ ಅಂತ ರೈತನಿಂದ ಆಣೆ ಮಾಡಿಸುತ್ತಾನೆ, ಖುಷಿಯಿಂದ ಮುಂದೆ ಹೋಗುತ್ತಾನೆ. ಅವನು ಮರೆಯಾದ ಕೂಡಲೇ ರೈತ ಹುಡುಗನನ್ನು ಮತ್ತೆ ಕಟ್ಟಿ ಮೊದಲಿಗಿಂತ ಜಾಸ್ತಿ ಹೊಡೆಯುತ್ತಾನೆ. ಸರ್ವಾಂಟಿಸ್ ಅಷ್ಟಕ್ಕೇ ಬಿಡಲಿಲ್ಲ. ಎಷ್ಟೋ ಅಧ್ಯಾಯಗಳ ನಂತರ ಅದೇ ಹುಡುಗನನ್ನು ಮುದುಕನ ಎದುರು ತಂದು ನಿಲ್ಲಿಸಿದ. ಎಲ್ಲರ ಮುಂದೆ ಹುಡುಗ ಹೇಳುತ್ತಾನೆ: ಮುಂದೆ ಎಲ್ಲಾದರೂ ನನ್ನನ್ನು ತುಂಡು ತುಂಡು ಮಾಡುತ್ತಿದ್ದರೂ ಸಹಾಯಕ್ಕೆ ಬರಬೇಡಿ. ಮುದುಕನಿಗೆ ಮುಖ ಎತ್ತಲಾಗುವುದಿಲ್ಲ. ನನಗೆ ಆ ಮುದುಕನ ಮೇಲೆ ಪ್ರೀತಿ ಗಟ್ಟಿಯಾದದ್ದು ಈಟಿ ಹಿಡಿದಾಗ ಅಲ್ಲ, ಇಲ್ಲಿ.

ಹಾಗಾಗಿ ಪಕ್ಕದ ಮನೆಯವರ ಸಾಲ ಬೇಡ. ಹುಡುಗಿಯ ಪ್ರವೇಶ ತಪ್ಪಿ ಹೋಗಲಿ. ಅವಳಿಗೆ ಬೇಕಾದ ಕಾಲೇಜಿನಲ್ಲಿ ಸೀಟು ಹೋಗಿ, ಎರಡು ಟ್ರೇನು ಬದಲಿಸಿ ಹೋಗುವ ಕಾಲೇಜು ಸಿಗಲಿ. ದಿನಾ ಬೆಳಿಗ್ಗೆ ಅವಳು ಐದೂವರೆಗೆ ಏಳುವಾಗ ಮಾಮ ಎಚ್ಚರ ಇದ್ದೂ ಕಣ್ಣು ಮುಚ್ಚಿಕೊಂಡಿರಲಿ.

ಕಥೆಯನ್ನು ಯಾರ ಕಣ್ಣಿನಿಂದ ನೋಡಬೇಕು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಮಾಮನ ಒಳಗೆ ಕೂತು ಇಡೀ ಕಾದಂಬರಿ ಬರೆಯಲು ಆಗುವುದಿಲ್ಲ. ನಮ್ಮ ಮುಂಬಯಿಯ ಚಿತ್ತಾಲರು ‘ಶಿಕಾರಿ’ಯಲ್ಲಿ ನಾಗಪ್ಪನ ತಲೆಯೊಳಗೇ ನಮ್ಮನ್ನು ಕೂರಿಸಿದರು, ನಿಜ. ಆದರೆ ನಾಗಪ್ಪ ತನ್ನ ಭಯವನ್ನು ತಾನೇ ಬಿಡಿಸಿ ಬಿಡಿಸಿ ನೋಡಬಲ್ಲವನು. ನಿಮ್ಮ ಮಾಮನಿಗೆ ಅದು ಬರುವುದಿಲ್ಲ. ಬಂದರೆ ಅವನು ಮಗುವಿನಂಥವನು ಆಗಿರುವುದಿಲ್ಲ. ಅವನನ್ನು ನೋಡಲು ಇನ್ನೊಬ್ಬರು ಬೇಕು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಮಂದಣ್ಣನನ್ನು ಕಥೆ ಹೇಳುವವನು ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಊರಿನ ಒಬ್ಬ ಉಡಾಳ, ಮದುವೆಯ ಹುಚ್ಚು ಬೇರೆ. ವಿಜ್ಞಾನಿ ಕರ್ವಾಲೊ ಅವನನ್ನು ಗೌರವದಿಂದ ಮಾತಾಡಿಸಿದಾಗ ಹೇಳುವವನಿಗೂ ನಮಗೂ ಒಟ್ಟಿಗೇ ಕಣ್ಣು ತೆರೆಯುತ್ತದೆ. ಮಂದಣ್ಣ ಬದಲಾಗಿಲ್ಲ. ಅವನನ್ನು ನೋಡುವ ಕಣ್ಣು ಬದಲಾಯಿತು.

ನಿಮ್ಮಲ್ಲಿ ಆ ಕಣ್ಣು ಯಾರದ್ದು? ಸೀಟು ಕಳೆದುಕೊಂಡ ಹುಡುಗಿಯದ್ದು. ಸಿಟ್ಟು ಮಾಡಿಕೊಳ್ಳುವ ಹಕ್ಕು ಇರುವುದು ಅವಳೊಬ್ಬಳಿಗೆ. ಅವಳು ನೋಡಿದರೆ ನಾವು ನೋಡುತ್ತೇವೆ. ಅವಳೇ ದೊಡ್ಡವಳಾದ ಮೇಲೆ ಕಥೆ ಹೇಳುವಂತೆ ಮಾಡಬಹುದು. ಇಲ್ಲಿ ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ‘ಶ್ಯಾಮಚಿ ಆಯಿ’ (ಶ್ಯಾಮನ ಅಮ್ಮ) ಪುಸ್ತಕವನ್ನು ಸಾನೆ ಗುರೂಜಿ 1933ರಲ್ಲಿ ನಾಸಿಕದ ಜೈಲಿನಲ್ಲಿ ಬರೆದರು. ದೊಡ್ಡವನಾದ ಶ್ಯಾಮ ತನ್ನ ಬಾಲ್ಯದ ಹಟ, ಹೇಡಿತನವನ್ನೆಲ್ಲ ಗೆಳೆಯರಿಗೆ ರಾತ್ರಿ ರಾತ್ರಿ ಕೂತು ತಾನೇ ಹೇಳಿಕೊಳ್ಳುತ್ತಾನೆ. ಹೇಳುವವನೇ ತನ್ನ ಮೇಲೆ ಕಠಿಣವಾಗಿರುವಾಗ ನಮಗೆ ಕಠಿಣವಾಗಲು ಮನಸ್ಸು ಬರುವುದಿಲ್ಲ. ನಿಮ್ಮ ಹುಡುಗಿಯೂ ತಾನು ಮಾಮನಿಗೆ ಅಂದ ಒಂದು ಕೆಟ್ಟ ಮಾತನ್ನು ಮುಚ್ಚಿಡದೆ ಹೇಳಲಿ.

ಒಂದು ಸಣ್ಣ ವಿಷಯ. 40 ಪುಟಗಳಲ್ಲಿ ‘ಪಾಪ’ ಅನ್ನುವ ಪದ ಒಂಬತ್ತು ಸಲ ಬಂದಿದೆ. ಪಾಪ, ಅವನಿಗೇನು ಗೊತ್ತು. ಪಾಪದ ಮಾಮ. ಒಂಬತ್ತನ್ನೂ ಹೊಡೆದುಹಾಕಿ. ಈ ಪದ ನನಗೆ ತುಂಬಾ ಪ್ರೀತಿಯದ್ದು. ತಪ್ಪಿಗೂ ಪಾಪ, ಕನಿಕರಕ್ಕೂ ಪಾಪ, ಹಳೇ ಮೈಸೂರಿನ ಮನೆಗಳಲ್ಲಿ ಎಳೆ ಮಗುವಿಗೂ ಪಾಪ. ನೀವು ಬರೆಯಲು ಹೊರಟಿರುವ ಮನುಷ್ಯ ಈ ಮೂರೂ ಹೌದು. ಆದರೆ ಆ ಪದ ಓದುಗರ ಬಾಯಿಂದ ಬರಬೇಕು. ನೀವೇ ಅಂದುಬಿಟ್ಟರೆ ಅವರು ಸುಮ್ಮನಾಗುತ್ತಾರೆ.

ನಗುವಿನ ಮಾತೂ ಹಾಗೇ. ಹೋಟೆಲಿನ ಹುಡುಗರು ಮಾಮನನ್ನು ಆಡಿಕೊಳ್ಳುವ ಜಾಗದಲ್ಲಿ ನಿಮ್ಮ ನಿರೂಪಣೆಯೂ ಅವರ ಜೊತೆ ಸೇರಿಕೊಂಡು ನಕ್ಕಿದೆ. ‘ಮುದಿ ಕೂಸು’ ಅಂದದ್ದು ಯಾರು? ಹುಡುಗರಲ್ಲ, ನೀವು. ಅವರು ನಗಲಿ, ನೀವು ಮಾಮನ ಕೈ ನೋಡಿ. ಸರ್ವಾಂಟಿಸ್ 1615ರ ಎರಡನೇ ಭಾಗದಲ್ಲಿ ಮಾಡಿದ್ದು ಇದನ್ನೇ. ಮೊದಲ ಭಾಗ ಓದಿ ನಕ್ಕಿದ್ದ ಒಬ್ಬ ಶ್ರೀಮಂತ ದಂಪತಿ ಮುದುಕನನ್ನು ಅರಮನೆಗೆ ಕರೆಸಿ, ಸನ್ಮಾನದ ನೆಪದಲ್ಲಿ ದಿನಾ ಆಟ ಆಡಿಸುತ್ತಾರೆ. ನಾವೂ ಮೊದಲ ಭಾಗ ಓದಿ ನಕ್ಕವರೇ. ಈಗ ಆ ದಂಪತಿಯ ಪಕ್ಕ ಕೂರಲು ಮುಜುಗರವಾಗುತ್ತದೆ. ಮೆಲ್ಲಗೆ ಎದ್ದು ಮುದುಕನ ಕಡೆ ಹೋಗಿ ಕೂರುತ್ತೇವೆ.

ಕೊನೆಯ ಪ್ರಶ್ನೆ, ಅವನು ಸತ್ತರೆ? ಸಾಯಿಸಿದರೆ ಅಳು ಬರುತ್ತದೆ. ರೈಲು ಹಳಿಯ ಮೇಲೆ ಯಾರು ಸತ್ತರೂ ಈ ಊರಿನಲ್ಲಿ ನಮಗೆ ಒಂದು ಕ್ಷಣ ಎದೆ ಹಿಂಡುತ್ತದೆ. ಆದರೆ ಅದು ಮಾಮನಿಗಾಗಿ ಬಂದ ಅಳು ಅಲ್ಲ, ಸಾವಿಗೆ ಬಂದದ್ದು. ಚೋಮನ ಸಾವಿನ ಮಾತು ಬೇರೆ. ಅವನ ಎದುರಿಗೆ ಒಂದೊಂದೇ ಬಾಗಿಲು ಮುಚ್ಚಿದ್ದನ್ನು ನಾವು ನೋಡಿದ್ದೇವೆ. ನಿಮ್ಮ ಮಾಮನ ಬಾಗಿಲು ಅಷ್ಟು ಮುಚ್ಚಿಲ್ಲ.

ಅದರ ಬದಲು ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ನೆನಪಿಸಿಕೊಳ್ಳಿ. ನಾವೆಲ್ಲ ಬಾಯಿಪಾಠ ಮಾಡಿದ್ದು. ಕಸ್ತೂರಿ ಅನ್ನುವ ಹುಡುಗ ಬಣ್ಣದ ತುತ್ತೂರಿ ಕೊಳ್ಳುತ್ತಾನೆ. ನನಗೆ ಮಾತ್ರ ಇದೆ ಅಂತ ಜಂಬ ಪಡುತ್ತಾನೆ. ಕೊಳದ ಬಳಿ ತುತ್ತೂರಿ ನೀರಿಗೆ ಜಾರುತ್ತದೆ. ಅದನ್ನು ನೀತಿಪಾಠ ಅಂತ ಕಲಿಸುತ್ತಾರೆ, ಜಂಬ ಪಟ್ಟರೆ ಹೀಗೆ ಅಂತ. ಆದರೆ ಅವನು ಜಂಬ ಪಡುವ ಮೊದಲೇ ರಾಜರತ್ನಂ ನಮಗೆ ಅವನ ಸರಿಗಮ ಕೇಳಿಸಿರುತ್ತಾರೆ. ಮೇಲೆ ಹೋಗಿ ಕೆಳಗೆ ಬರುವ ಪೂರ್ತಿ ಸರಿಗಮ. ಬಿದ್ದ ಮೇಲೆ ಹುಡುಗ ಸುಮ್ಮನೆ ಅಳುತ್ತಾ ಕೂರುವುದಿಲ್ಲ. ಗಂಟಲು ಕಟ್ಟಿದ ತುತ್ತೂರಿಯನ್ನು ಮತ್ತೆ ಊದಲು ನೋಡುತ್ತಾನೆ. ಬರುವುದು ಬರೀ ಗಗಗಗ. ಐದು ವರ್ಷದವನಾಗಿದ್ದಾಗ ನನಗೆ ಅಲ್ಲಿ ನಗು ಬರುತ್ತಿತ್ತು. ಈಗ ಓದಿದರೆ ಗಂಟಲು ಕಟ್ಟುವುದು ನನಗೆ.

ನಿಮ್ಮ ಮಾಮನಿಗೂ ಅಂಥ ಒಂದು ಮಧ್ಯಾಹ್ನ ಕೊಡಿ. ರಜೆಯ ದಿನ, ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದಾನೆ. ಮಂಚದ ಕೆಳಗಿನಿಂದ ಚೆಂಡೆ ಎಳೆಯುತ್ತಾನೆ. ಸದ್ದು ಹೊರಗೆ ಹೋಗದಿರಲಿ ಅಂತ ಅದರ ಮೇಲೆ ಅಕ್ಕನ ಹಳೇ ಸೀರೆ ಹಾಸುತ್ತಾನೆ. ಬಾರಿಸುತ್ತಾನೆ, ತಪ್ಪುತ್ತಾನೆ, ಮತ್ತೆ ಬಾರಿಸುತ್ತಾನೆ. ಹುಡುಗಿ ಒಳಕೋಣೆಯಲ್ಲಿ ಇದ್ದಾಳೆ. ಅವಳು ಹೊರಗೆ ಬರಬೇಕೋ ಬೇಡವೋ, ಅದು ನೀವು ತೀರ್ಮಾನಿಸಿ.

ಮತ್ತೆ ಆ ಕಂಪಾಸ್ ಪೆಟ್ಟಿಗೆ. ಅಕ್ಕ ಎಸೆದ ಮೇಲೆ ಅದನ್ನು ಯಾರು ಎತ್ತಿಟ್ಟರು ಅಂತ ನೀವು ಬರೆದಿಲ್ಲ. ಕಾಮರ್ಸ್ ಹುಡುಗಿ ಅದರಲ್ಲಿ ಏನು ಇಟ್ಟುಕೊಳ್ಳುತ್ತಾಳೆ ಅಂತಲೂ ಬರೆದಿಲ್ಲ. ರೈಲಿನ ಪಾಸು ಅದರಲ್ಲಿ ಹಿಡಿಯುತ್ತದೆ.